ದಪಿರ್ ಮತ್ತು ದಪ್ರೊತ್ಸ್: ಒಂದು ಎರವಲು ಶಬ್ದದ ಮೂಲವೂ ಅರ್ಥವೂ

ಆರ್ಮೇನಿಯನ್ ಭಾಷೆಯಲ್ಲಿ ಪಾಠಶಾಲೆಗೆ ‘ದಪ್ರೊತ್ಸ್’ ಎಂದು ಹೆಸರು. ‘ದಪಿರ್’ ಎಂಬ ಪ್ರಕೃತಿಗೆ ಸ್ಥಳವನ್ನು ಸೂಚಿಸುವ ಪ್ರತ್ಯಯ ಸೇರಿ ಈ ಶಬ್ದ ಸಿದ್ಧವಾಗಿದೆ. ದಪಿರ್ ಎಂದರೆ ಬರೆಯುವವನು, ಲಿಪಿಕಾರ, ಕರಣಿಕ. ಆದುದರಿಂದ ದಪ್ರೊತ್ಸ್ ಎಂದರೆ ಮೂಲದಲ್ಲಿ ‘ಕರಣಿಕನ ಸ್ಥಾನ’ ಎಂದಾಯಿತು. ಈ ದಪಿರ್ ಶಬ್ದ ಆರ್ಮೇನಿಯನ್ನರಿಗೆ ಹುಟ್ಟಿನಿಂದ ಬಂದದ್ದಲ್ಲ. ನೆರೆಯ ಪಾರಸೀಕ ದೇಶದಿಂದ ಎರವಲಾಗಿ ಬಂದದ್ದು. ಅದು ಎಲ್ಲಿ ಹುಟ್ಟಿತು, ಯಾವ ಹಾದಿಯಲ್ಲಿ ಬಂದಿತು, ಬಂದ ಮೇಲೆ ಅದರ ಅರ್ಥ ಹೇಗೆ ತಿರುಗಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಡಿನಾಡ ಶಿಕ್ಷಕರ ಸಂಚಿಕೆಯಲ್ಲಿ ಎಲ್ಲಿಯ ಆರ್ಮೇನಿಯ, ಎಲ್ಲಿಯ ಪಾರಸೀಕ ಎಂದು ವಾಚಕರಿಗೆ ಅನ್ನಿಸಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ನಾವು ತರಗತಿಯಲ್ಲಿ ದಿನವೂ ಆಡುವ ‘ಲಿಪಿ’ ಎಂಬ ಮಾತು ಈ ದಪಿರ್ ಶಬ್ದದ ದಾಯಾದಿ. ಎರಡನೆಯದಾಗಿ, ಆರ್ಮೇನಿಯನ್ನರು ಎರಡು ದೊಡ್ಡ ಸಾಮ್ರಾಜ್ಯಗಳ ಗಡಿಯಲ್ಲಿ ಬಾಳಿದ ಜನ. ಅವರ ಮಾತಿನಲ್ಲಿ ನೆರೆಯವರ ಶಬ್ದಗಳು ಎಷ್ಟು ತುಂಬಿದ್ದವೆಂದರೆ, ಅದು ಸ್ವತಂತ್ರ ಭಾಷೆಯೇ ಅಲ್ಲವೆಂದು ವಿದ್ವಾಂಸರೇ ಒಂದು ಕಾಲಕ್ಕೆ ನಂಬಿದ್ದರು. ‘ನಿಮ್ಮ ಕನ್ನಡದಲ್ಲಿ ಅರ್ಧ ಮರಾಠಿ’, ‘ನಿಮ್ಮದು ತೆಲುಗು ಬೆರೆತ ಕನ್ನಡ’, ‘ನಿಮ್ಮ ಮಾತಿಗೆ ಮಲಯಾಳದ ವಾಸನೆ’ ಎಂಬ ನುಡಿಗಳನ್ನು ಕೇಳಿ ತಲೆ ತಗ್ಗಿಸುವ ಮಕ್ಕಳಿಗೆ ಪಾಠ ಹೇಳುವ ನಮಗೆ ಆರ್ಮೇನಿಯನ್ನರ ಕಥೆ ಪರರ ಕಥೆಯೆನಿಸಲಾರದು.

ಎರವಲೆಂದು ತಿಳಿಯುವ ಬಗೆ

ಎರಡು ಭಾಷೆಗಳಲ್ಲಿ ಒಂದೇ ಬಗೆಯ ಶಬ್ದ ಕಂಡುಬಂದರೆ ಮೂರು ಸಂಭವಗಳುಂಟು. ಎರಡಕ್ಕೂ ಒಂದೇ ತಾಯಿಯಿಂದ ಅದು ಬಂದಿರಬಹುದು. ಒಂದರಿಂದ ಇನ್ನೊಂದು ಕೊಂಡಿರಬಹುದು. ಇಲ್ಲವೆ ಹೋಲಿಕೆ ಬರಿಯ ಆಕಸ್ಮಿಕವಾಗಿರಬಹುದು. ಇವುಗಳಲ್ಲಿ ಯಾವುದು ನಿಜವೆಂದು ಕಿವಿ ಹೇಳಲಾರದು. ಧ್ವನಿನಿಯಮಗಳು ಮಾತ್ರ ಹೇಳಬಲ್ಲವು.

ಆರ್ಮೇನಿಯನ್ ಭಾಷೆ ಪಾರಸೀಕದ ಒಂದು ಶಾಖೆಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಮಂದಿ ಎಣಿಸಿದ್ದರು. ಅಷ್ಟೊಂದು ಪಾರಸೀಕ ಶಬ್ದಗಳಿದ್ದ ಮೇಲೆ ಹಾಗೆ ತೋರಿದ್ದು ಸಹಜವೇ. ೧೮೭೫ರಲ್ಲಿ ಹೈನ್ರಿಖ್ ಹ್ಯೂಬ್ಷ್‌ಮಾನ್ ಎಂಬ ಜರ್ಮನ್ ಪಂಡಿತ ಈ ಮತವನ್ನು ಅಲ್ಲಗಳೆದನು. ಆತನು ಮಾಡಿದ್ದು ಸರಳವಾದ ಕೆಲಸ. ಸಂಖ್ಯೆ, ಬಂಧುತ್ವ, ಶರೀರದ ಅಂಗಗಳು ಮೊದಲಾಗಿ ಯಾವ ಜನವೂ ಸುಲಭವಾಗಿ ಎರವಲು ತರದ ಶಬ್ದಗಳನ್ನು ಒಂದು ಕಡೆಗೂ, ಆಡಳಿತ, ಯುದ್ಧ, ಉಡುಗೆ, ದರ್ಬಾರಿನ ಶಬ್ದಗಳನ್ನು ಇನ್ನೊಂದು ಕಡೆಗೂ ಇಟ್ಟು ನೋಡಿದರೆ, ಎರಡು ರಾಶಿಗಳೂ ಬೇರೆ ಬೇರೆ ಧ್ವನಿನಿಯಮಗಳಿಗೆ ಒಳಪಟ್ಟಿರುವುದು ಕಾಣುತ್ತದೆ.

ಒಂದೆರಡು ಉದಾಹರಣೆಗಳನ್ನು ನೋಡೋಣ. ಸಂಸ್ಕೃತದ ‘ದಶ’ ಪಾರಸೀಕದಲ್ಲಿ ‘ದಹ್’, ಆರ್ಮೇನಿಯನ್ನಿನಲ್ಲಿ ‘ತಾಸ್ನ್’. ಇಲ್ಲಿ ಮೂಲದ ದಕಾರ ಆರ್ಮೇನಿಯನ್ನಿನಲ್ಲಿ ತಕಾರವಾಗಿದೆ. ಸಂಸ್ಕೃತದ ‘ಪಂಚ’ ಪಾರಸೀಕದಲ್ಲಿ ‘ಪಂಜ್’, ಆರ್ಮೇನಿಯನ್ನಿನಲ್ಲಿ ‘ಹಿಂಗ್’. ‘ಪಿತೃ’ ಪಾರಸೀಕದಲ್ಲಿ ‘ಪಿದರ್’, ಆರ್ಮೇನಿಯನ್ನಿನಲ್ಲಿ ‘ಹಾಯ್ರ್’. ಇಲ್ಲಿ ಪದಾದಿಯ ಪಕಾರ ಹಕಾರವಾಗಿದೆ. ಇವು ಆರ್ಮೇನಿಯನ್ನಿಗೆ ಪಿತ್ರಾರ್ಜಿತವಾಗಿ ಬಂದ ಶಬ್ದಗಳು. ಅಲ್ಲಿನ ದಪಿರ್ ಶಬ್ದವೂ ಇದೇ ರಾಶಿಗೆ ಸೇರಿದ್ದರೆ ಅದರ ಮೊದಲಕ್ಷರ ತಕಾರವಾಗಬೇಕಿತ್ತು, ನಡುವಣ ಪಕಾರವೂ ಹಾಗೆಯೇ ಉಳಿಯುತ್ತಿರಲಿಲ್ಲ. ಎರಡೂ ಕದಲದೆ ನಿಂತಿವೆ. ಆದಕಾರಣ ಅದು ಈ ಬದಲಾವಣೆಗಳೆಲ್ಲ ನಡೆದು ಮುಗಿದ ಮೇಲೆ ಹೊರಗಿನಿಂದ ಬಂದ ಶಬ್ದವೆಂದು ನಿಶ್ಚಯವಾಗುತ್ತದೆ.

ಈ ತರ್ಕ ಕನ್ನಡ ಶಿಕ್ಷಕರಿಗೆ ಹೊಸದೇನಲ್ಲ. ಹಳಗನ್ನಡದ ‘ಪಾಲ್’, ‘ಪತ್ತು’ ಎಂಬ ಮಾತುಗಳು ಹೊಸಗನ್ನಡದಲ್ಲಿ ‘ಹಾಲು’, ‘ಹತ್ತು’ ಎಂದಾದವು. ನೆರೆಯ ತಮಿಳು ಮಲಯಾಳಗಳಲ್ಲಿ ಪಕಾರವೇ ನಿಂತಿತು. ಆದರೆ ‘ಪುಸ್ತಕ’, ‘ಪತ್ರ’ಗಳು ನಮ್ಮಲ್ಲಿ ಹಕಾರಕ್ಕೆ ತಿರುಗಲಿಲ್ಲ; ಅವು ಅನ್ಯದೇಶ್ಯಗಳೆಂಬುದನ್ನು ಆ ಪಕಾರವೇ ಸಾರುತ್ತದೆ. ಇನ್ನು ಸಂಸ್ಕೃತದ ‘ಪಕ್ಷಿ’ ಪೂರ್ವಕಾಲದಲ್ಲೇ ‘ಪಕ್ಕಿ’ಯಾಗಿ ಒಳಹೊಕ್ಕಿದ್ದರಿಂದ, ದೇಶ್ಯಶಬ್ದಗಳೊಡನೆ ತಾನೂ ನಡೆದು ‘ಹಕ್ಕಿ’ಯಾಯಿತು. ಶಬ್ದವೊಂದು ಎಂದು ಬಂತೆಂಬುದನ್ನೂ ಧ್ವನಿನಿಯಮ ತಿಳಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ತದ್ಭವಗಳು ಮನಬಂದಂತೆ ಹುಟ್ಟುವುದಿಲ್ಲ, ನಿಯಮದಂತೆ ಹುಟ್ಟುತ್ತವೆ ಎಂಬುದನ್ನು ತೋರಿಸಿಕೊಟ್ಟಿದ್ದಾನೆ.

ದಪಿರ್ ಎಂಬ ರೂಪದಿಂದಲೂ ಅದು ಬಂದ ಕಾಲ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಪಾರಸೀಕದಲ್ಲಿ ಸ್ವರಗಳ ನಡುವಣ ಕ, ತ, ಪಗಳು ಕಾಲಕ್ರಮದಲ್ಲಿ ಗ, ದ, ಬಗಳಾದವು. ಸಂಸ್ಕೃತದ ‘ದೀಪಿಕಾ’ ನಮ್ಮಲ್ಲಿ ‘ದೀವಿಗೆ’ಯಾದಾಗ ಕಕಾರ ಗಕಾರವಾದಂತೆಯೇ ಇದು. ‘ದಿಪೀರ್’ ಎಂಬ ಹಳೆಯ ರೂಪ ಹೀಗೆ ‘ದಿಬೀರ್’ ಆಗಿ, ಇಂದಿನ ಪಾರಸೀಕದಲ್ಲಿ ‘ದಬೀರ್’ ಆಗಿದೆ. ಆರ್ಮೇನಿಯನ್ನಿನಲ್ಲಿ ಮಾತ್ರ ಪಕಾರ ಉಳಿದುಕೊಂಡಿದೆ. ಅಂದರೆ ಪಾರಸೀಕದಲ್ಲಿ ಪಕಾರ ಸಡಿಲವಾಗುವ ಮುನ್ನವೇ ಅವರು ಅದನ್ನು ಕೊಂಡಿದ್ದರು. ‘ಆಜಾದ್’ ಎಂದು ನಾವು ಕೇಳಿಬಲ್ಲ ಶಬ್ದ ಆರ್ಮೇನಿಯನ್ನಿನಲ್ಲಿ ‘ಅಜಾತ್’ ಎಂದಿರುವುದಕ್ಕೂ ಇದೇ ಕಾರಣ. ಸ್ಥೂಲವಾಗಿ ಪಾರಸೀಕವೆಂದು ಹೇಳಿದರೂ, ಈ ಬಗೆಯ ಎರವಲುಗಳಲ್ಲಿ ಬಹುಪಾಲು ಇರಾನಿನ ಈಶಾನ್ಯ ಭಾಗದ ಪಾರ್ಥಿಯನ್ ನುಡಿಯಿಂದ ಬಂದವು. ಆರ್ಮೇನಿಯವನ್ನು ಕ್ರಿ.ಶ. ೪೨೮ರವರೆಗೆ ಆಳಿದ ಅರ್ಸಾಸಿದ್ ವಂಶ ಪಾರ್ಥಿಯನ್ನರದೇ ಒಂದು ಕವಲು. ಅರಸರ ಮನೆಮಾತು ದರ್ಬಾರಿನ ಶಬ್ದಗಳನ್ನು ಕೊಟ್ಟಿತು.

ಮೊದಲಿನ ಇಕಾರ ಎಲ್ಲಿ ಹೋಯಿತು ಎಂದು ಕೇಳಬಹುದು. ಆರ್ಮೇನಿಯನ್ನಿನಲ್ಲಿ ಒತ್ತು ಕೊನೆಯ ಸ್ವರದ ಮೇಲೆ ಬೀಳುತ್ತದೆ. ಹಿಂದಿನ ಇಕಾರ ಉಕಾರಗಳು ಸವೆದುಹೋಗುತ್ತವೆ. ಅವರ ಬರೆವಣಿಗೆಯಲ್ಲಿ ದಕಾರ ಪಕಾರಗಳ ನಡುವೆ ಸ್ವರವೇ ಇಲ್ಲ. ಉಚ್ಚಾರದಲ್ಲಿ ಮಾತ್ರ ಅಸ್ಪಷ್ಟವಾದ ಅಕಾರವೊಂದು ಕೇಳುತ್ತದೆ. ಪ್ರತ್ಯಯ ಸೇರಿ ಒತ್ತು ಇನ್ನೂ ಮುಂದಕ್ಕೆ ಸರಿದಾಗ ಎರಡನೆಯ ಇಕಾರವೂ ಬಿದ್ದು ‘ದಪ್ರೊತ್ಸ್’ ಎಂದಾಗುತ್ತದೆ. ‘ದಾರ್ಬಿನ್’ ಎಂದರೆ ಕಮ್ಮಾರ, ‘ದಾರ್ಬ್ನೊತ್ಸ್’ ಎಂದರೆ ಕಮ್ಮಾರಸಾಲೆ. ಹೊರಗಿನಿಂದ ಬಂದ ಕರಣಿಕನಿಗೂ ಮನೆಯ ಕಮ್ಮಾರನಿಗೂ ಆರ್ಮೇನಿಯನ್ ವ್ಯಾಕರಣ ಒಂದೇ ಕಟ್ಟಳೆಯನ್ನು ಅನ್ವಯಿಸಿತು.

ಮಣ್ಣಿನ ಹಲಗೆಯಿಂದ ಕರಣಿಕನವರೆಗೆ

ದಿಬೀರ್ ಶಬ್ದದ ಮೊದಲ ಭಾಗ ‘ದಿಪಿ’. ಎರಡನೆಯದು ‘ಹೊರುವವನು’ ಅಥವಾ ‘ಉಳ್ಳವನು’ ಎಂಬ ಅರ್ಥದ ಅಂಶವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ದಿಪಿ ಎಂದರೆ ಹಳೆಯ ಪಾರಸೀಕದಲ್ಲಿ ಬರಹ, ಶಾಸನ. ಕ್ರಿ.ಪೂ. ಆರನೆಯ ಶತಮಾನದ ಕೊನೆಗೆ ದಾರಯವಹುಷ್ ಚಕ್ರವರ್ತಿಯು ಬೇಹಿಸ್ತೂನ್ ಬೆಟ್ಟದಲ್ಲಿ ಕೊರೆಯಿಸಿದ ಮಹಾಶಾಸನದಲ್ಲಿ ಈ ಶಬ್ದವಿದೆ. ಆದರೆ ಅಲ್ಲಿಯೂ ಅದು ಎರವಲೇ! ಪಾರಸೀಕರು ಅದನ್ನು ತಮ್ಮ ನೆರೆಯ ಏಲಾಮಿನ ಜನರಿಂದ ಕಲಿತರು. ಏಲಾಮಿನಲ್ಲಿ ಅದು ‘ತುಪ್ಪಿ’. ಏಲಾಮಿನವರಿಗೆ ಅದು ಬಾಬಿಲೋನಿಯದ ಅಕ್ಕಾಡಿಯನ್ ಭಾಷೆಯ ‘ತುಪ್ಪು’ವಿನಿಂದ ಬಂತು. ಅಕ್ಕಾಡಿಯನ್ನರಿಗೆ ಅದು ಅವರಿಗಿಂತ ಹಿಂದಿನ ಸುಮೇರಿಯನ್ನರ ‘ದುಬ್’ ಶಬ್ದದಿಂದ ಬಂತು. ದುಬ್ ಎಂದರೆ ಬರೆಯುವ ಮಣ್ಣಿನ ಹಲಗೆ.

ಹಸಿಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯಿಂದ ಗುರುತು ಒತ್ತಿ ಬರೆಯುವುದನ್ನು ಲೋಕಕ್ಕೆ ಕಲಿಸಿದವರು ಸುಮೇರಿಯನ್ನರು. ಕರಣಿಕ ವಿದ್ಯೆಯನ್ನು ಕಲಿಸುವ ಶಾಲೆಗೆ ಅವರು ‘ಎದುಬ್ಬ’ ಎನ್ನುತ್ತಿದ್ದರು. ಹಲಗೆಯ ಮನೆ ಎಂದು ಅದರ ತಾತ್ಪರ್ಯ. ಆ ಭಾಷೆ ಸತ್ತು ನಾಲ್ಕು ಸಾವಿರ ವರ್ಷಗಳೇ ಸಂದಿವೆ. ಆದರೂ ಏರೆವಾನ್ ನಗರದಲ್ಲಿ ಇಂದು ಒಂದು ಮಗು ‘ದಪ್ರೊತ್ಸ್’ಗೆ ಹೋಗುತ್ತೇನೆಂದು ಹೇಳುವಾಗ ಸುಮೇರಿಯನ್ನರ ಆ ಹಲಗೆಯ ಹೆಸರನ್ನೇ ಉಚ್ಚರಿಸುತ್ತಿದೆ. ಶಾಲೆ ಎಂಬ ಅರ್ಥ ಮೊದಲ ತುದಿಯಲ್ಲೂ ಕೊನೆಯ ತುದಿಯಲ್ಲೂ ಇರುವುದು ಗಮನಿಸತಕ್ಕ ವಿಷಯ. ನಡುವಣ ಯಾರೂ ಅದನ್ನು ಆರ್ಮೇನಿಯನ್ನರಿಗೆ ಹೇಳಿಕೊಟ್ಟದ್ದಲ್ಲ. ಬರೆಯುವುದು ಎಲ್ಲಿ ನೆಲೆಗೊಳ್ಳುತ್ತದೆಯೋ ಅಲ್ಲಿ ಬರೆಯುವುದನ್ನು ಕಲಿಸುವ ಮನೆಯೂ ಬೇಕಾಗುವುದರಿಂದ ಅದೇ ಬೀಜದಿಂದ ಅದೇ ಮರ ಎರಡನೆಯ ಸಲ ಹುಟ್ಟಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ದಿಪಿ’ ಎಂಬುದನ್ನು ಕೇಳಿದೊಡನೆ ನಮ್ಮವರಲ್ಲಿ ಕೆಲವರಿಗೆ ‘ದೀಪ’ದ ನೆನಪಾಗುವುದು, ಅಕ್ಷರ ಅಜ್ಞಾನವನ್ನು ನೀಗುವ ದೀಪವಲ್ಲವೆ, ಆದ್ದರಿಂದ ದಿಪಿಯು ದೀಪದಿಂದಲೇ ಬಂದಿತು ಎಂದು ವಾದಿಸಲು ಕಷ್ಟವಿಲ್ಲ. ಮಾತು ಸೊಗಸಾಗಿದೆ, ಆದರೆ ನಿಜವಲ್ಲ. ಅಕ್ಕಾಡಿಯನ್ ಏಲಾಮುಗಳ ದಾಖಲೆಗಳು ಕೈಯಲ್ಲಿರುವಾಗ ಸೊಗಸಿಗೆ ಮರುಳಾಗಬಾರದು. ಊರ ಹೆಸರು, ಮನೆತನದ ಹೆಸರುಗಳ ಬಗ್ಗೆ ನಮ್ಮ ಸಂಚಿಕೆಗಳಲ್ಲಿ ಬರುವ ಲೇಖನಗಳು ಎಷ್ಟೋ ಸಲ ಇಂತಹ ಸೊಗಸಿಗೆ ಬಲಿಯಾಗಿವೆ.

ಭಾರತಕ್ಕೆ ಬಂದ ಮೂರು ಸಲ

ದಿಪಿಯ ಬಳಗ ನಮ್ಮ ದೇಶಕ್ಕೆ ಮೂರು ಕಾಲಗಳಲ್ಲಿ ಮೂರು ವೇಷಗಳಲ್ಲಿ ಬಂದಿದೆ.

ಮೊದಲನೆಯ ಸಲ ಬಂದದ್ದು ‘ಲಿಪಿ’ಯಾಗಿ. ಇಂದು ಪಾಕಿಸ್ತಾನಕ್ಕೆ ಸೇರಿದ ಷಹಬಾಜ್‌ಗಢಿ, ಮಾನ್‌ಸೇಹ್ರಾಗಳಲ್ಲಿನ ಅಶೋಕನ ಬಂಡೆಶಾಸನಗಳಲ್ಲಿ ಧರ್ಮಶಾಸನಕ್ಕೆ ‘ದಿಪಿ’ ಎಂಬ ಪದವೇ ಇದೆ. ಅದೇ ಶಾಸನಗಳು ದೇಶದ ಉಳಿದ ಭಾಗಗಳಲ್ಲಿ ದೊರೆತಾಗ ಆ ಸ್ಥಳದಲ್ಲಿ ‘ಲಿಪಿ’ ಎಂದಿದೆ. ಪಾಣಿನಿಯು ‘ಲಿಪಿ’, ‘ಲಿಬಿ’ ಎಂಬ ಎರಡು ರೂಪಗಳನ್ನೂ ಬಲ್ಲನು. ಲೇಪಿಸು ಎಂಬರ್ಥದ ‘ಲಿಪ್’ ಧಾತುವಿನಿಂದ ಲಿಪಿಯಾಯಿತೆಂಬುದು ನಮ್ಮ ವೈಯಾಕರಣರ ಸಂಪ್ರದಾಯ. ಮಸಿಯನ್ನು ಬಳಿಯುವುದರಿಂದ ಲಿಪಿ ಎಂಬುದು ಯುಕ್ತವಾಗಿಯೇ ತೋರುತ್ತದೆ. ಆದರೆ ಅಶೋಕನ ಬರಹಗಳು ಬಂಡೆಯಲ್ಲಿ ಕೊರೆದವು, ಬಳಿದವಲ್ಲ. ಮತ್ತು ವಾಯವ್ಯದ ಆ ಬಂಡೆಗಳಲ್ಲಿ ದಿಪಿಯ ಪಕ್ಕದಲ್ಲೇ, ‘ಬರೆಯಲ್ಪಟ್ಟಿತು’ ಎಂಬರ್ಥದಲ್ಲಿ ‘ನಿಪಿಸ್ತ’ ಎಂಬ ಅಚ್ಚ ಪಾರಸೀಕ ಪದವೂ ಇದೆ. ಈ ಕಾರಣಗಳಿಂದ ದಿಪಿಯೇ ಲಿಪಿಯ ಮೂಲವೆಂದೂ, ಲಿಪ್ ಧಾತುವಿನ ನೆನಪು ದಕಾರವನ್ನು ಲಕಾರವಾಗಿಸಲು ನೆರವಾಯಿತೆಂದೂ ಹೆಚ್ಚಿನ ವಿದ್ವಾಂಸರು ಒಪ್ಪಿದ್ದಾರೆ.

ರಾಯದುರ್ಗ ಆದೋನಿಗಳ ಕಡೆಯ ಶಿಕ್ಷಕಮಿತ್ರರಿಗೆ ಇದು ದೂರದ ಮಾತಲ್ಲ. ರಾಯದುರ್ಗಕ್ಕೆ ಹೊಂದಿಕೊಂಡ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಅವುಗಳನ್ನು ಬರೆದವನು ಚಪಡ. ಬ್ರಾಹ್ಮಿಯಲ್ಲಿ ಇಡೀ ಶಾಸನವನ್ನು ಬರೆದು ಮುಗಿಸಿದ ಆತನು ತನ್ನ ವೃತ್ತಿಯನ್ನು ಸೂಚಿಸುವ ‘ಲಿಪಿಕಾರ’ ಎಂಬ ಒಂದೇ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿ ಅಕ್ಷರಗಳಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆರ್ಮೇನಿಯದ ದಪಿರ್‌ಗೂ ಕನ್ನಡ ನಾಡಿನ ಚಪಡನಿಗೂ ವೃತ್ತಿಯ ಹೆಸರು ಒಂದೇ ಬೇರಿನಿಂದ ಬಂದಿತ್ತೆಂಬುದು ಸಾಮಾನ್ಯ ಸಂಗತಿಯೇ?

ಎರಡನೆಯ ಸಲ ಬಂದದ್ದು ‘ದಿವಿರ’ನಾಗಿ. ಆರನೆಯ ಶತಮಾನದ ವಲಭಿಯ ಮೈತ್ರಕರ ತಾಮ್ರಶಾಸನಗಳಲ್ಲಿ ಬರೆದವನ ಹೆಸರಿನೊಡನೆ ‘ದಿವಿರಪತಿ’ ಎಂಬ ಬಿರುದು ಬರುತ್ತದೆ. ಸ್ಕಂದಭಟನೆಂಬುವನು ಅಂತಹ ಒಬ್ಬ ದಿವಿರಪತಿ. ಅದೇ ಕಾಲದ ಇರಾನಿನ ದರ್ಬಾರಿನಲ್ಲಿ ಕರಣಿಕರ ಮುಖ್ಯಸ್ಥನು ‘ದಿಬೀರ್‌ಬೆದ್’, ಆರ್ಮೇನಿಯನ್ನಿನಲ್ಲಿ ‘ದಪ್ರಪೆತ್’. ‘ಬೆದ್’, ‘ಪೆತ್’ ಎಂಬುವು ನಮ್ಮ ‘ಪತಿ’ಯೇ. ಕಾಠಿಯಾವಾಡದಿಂದ ಕಾಕಸಸ್ ಪರ್ವತದವರೆಗೆ ಒಂದೇ ಸಮಾಸ ಮೂರು ಉಚ್ಚಾರಗಳಲ್ಲಿ ಅಧಿಕಾರ ನಡೆಸುತ್ತಿತ್ತು. ಕಾಶ್ಮೀರದಲ್ಲಿ ಈ ದಿವಿರನಿಗೆ ಒಳ್ಳೆಯ ಹೆಸರು ಬರಲಿಲ್ಲ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ತನ್ನ ನರ್ಮಮಾಲೆಯಲ್ಲಿ ಲೇಖನಿಯಿಂದ ಊರನ್ನು ಸುಲಿಯುವ ಕಾಯಸ್ಥ ದಿವಿರರನ್ನು ಎಡೆಬಿಡದೆ ಹಾಸ್ಯಮಾಡಿದ್ದಾನೆ.

ಮೂರನೆಯ ಸಲ ಬಂದದ್ದು ‘ದಬೀರ’ನಾಗಿ, ಸುಲ್ತಾನರ ಪಾರಸಿ ದಫ್ತರುಗಳೊಡನೆ. ಶಿವಾಜಿಯ ಆಡಳಿತದಲ್ಲಿ ಪರರಾಜ್ಯಗಳ ವ್ಯವಹಾರ ನೋಡುವವನಿಗೆ ಡಬೀರ ಎಂಬ ಪದವಿಯಿತ್ತು. ೧೬೭೪ರ ಪಟ್ಟಾಭಿಷೇಕದ ಹೊತ್ತಿಗೆ ಪದವಿಗಳಿಗೆಲ್ಲ ಸಂಸ್ಕೃತದ ಹೆಸರಿಟ್ಟು ಡಬೀರನನ್ನು ‘ಸುಮಂತ’ನನ್ನಾಗಿ ಮಾಡಿದರು, ಪಾರಸಿ ಮಾತುಗಳಿಗೆ ಸಂಸ್ಕೃತ ಪರ್ಯಾಯ ಕೊಡುವ ರಾಜ್ಯವ್ಯವಹಾರಕೋಶವೂ ಸಿದ್ಧವಾಯಿತು. ಸುಮಂತ ಗ್ರಂಥದಲ್ಲಿ ಉಳಿದನು. ಡಬೀರ ಎಂಬುದು ಮನೆತನದ ಹೆಸರಾಗಿ ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ. ಫಡ್ನವೀಸ, ಚಿಟ್ನವೀಸ ಎಂಬ ಅಡ್ಡಹೆಸರುಗಳಲ್ಲಿನ ‘ನವೀಸ’ ಎಂಬುದು, ಅಶೋಕನ ಬಂಡೆಯಲ್ಲಿ ನಾವು ಕಂಡ ‘ನಿಪಿಸ್ತ’ದ ಮನೆಯದೇ ಎಂಬುದನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಶಿಕ್ಷಕರು ತಮ್ಮ ಹಾಜರಿ ಪುಸ್ತಕವನ್ನು ತೆರೆದಾಗ ನೆನೆಯಬಹುದು.

ಆರ್ಮೇನಿಯದಲ್ಲಿ ಅರ್ಥದ ತಿರುವು

ಇನ್ನು ಆರ್ಮೇನಿಯಕ್ಕೆ ಹಿಂದಿರುಗೋಣ. ಭಾರತದಲ್ಲಿ ದಿವಿರ, ದಬೀರರು ದರ್ಬಾರಿನ ಹೊಸಿಲನ್ನು ದಾಟಲಿಲ್ಲ. ಆರ್ಮೇನಿಯದಲ್ಲಿ ಅದೇ ಶಬ್ದ ಊರೂರಿನ ಮಕ್ಕಳ ಬಾಯಿಗೆ ಬಂದದ್ದು ಹೇಗೆ?

ಕ್ರಿ.ಶ. ೩೮೭ರ ಸುಮಾರಿಗೆ ರೋಮ್ ಸಾಮ್ರಾಜ್ಯವೂ ಸಸಾನೀ ಇರಾನೂ ಆರ್ಮೇನಿಯವನ್ನು ಹಂಚಿಕೊಂಡವು. ದೊಡ್ಡ ಪಾಲು ಇರಾನಿನ ಅಧೀನಕ್ಕೆ ಹೋಯಿತು. ಆಗ ಆರ್ಮೇನಿಯನ್ ಭಾಷೆಗೆ ಅಕ್ಷರಗಳೇ ಇರಲಿಲ್ಲ. ಜನ ಆಡುತ್ತಿದ್ದುದು ಒಂದು ಭಾಷೆ. ದರ್ಬಾರಿನ ದಪಿರ್‌ಗಳು ಬರೆಯುತ್ತಿದ್ದುದು ಗ್ರೀಕ್, ಸಿರಿಯಾಕ್, ಪಾರಸೀಕ. ಇಗರ್ಜಿಯಲ್ಲಿಯೂ ಗ್ರಂಥವನ್ನು ಗ್ರೀಕ್ ಅಥವಾ ಸಿರಿಯಾಕ್‌ನಲ್ಲಿ ಓದಿ, ಜನರಿಗೆ ಬಾಯಿಮಾತಿನಲ್ಲಿ ಅರ್ಥ ಹೇಳಬೇಕಾಗಿತ್ತು. ಆದುದರಿಂದ ಆ ಕಾಲದ ದಪಿರ್ ಎಂದರೆ ತನ್ನ ಜನರ ಮಾತನ್ನು ಪರಭಾಷೆಯಲ್ಲಿ ಬರೆಯುವವನು.

ಇಂತಹ ಪರಿಸರದಲ್ಲಿಯೇ ಬೆಳೆದವನು ತಾರೋನ್ ಪ್ರಾಂತದ ಮೆಸ್ರೋಪ್ ಮಾಶ್ತೋತ್ಸ್. ಅವನ ಶಿಷ್ಯ ಕೊರ್ಯೂನ್ ಬರೆದ ಜೀವನಚರಿತ್ರೆಯಲ್ಲಿ, ಮಾಶ್ತೋತ್ಸ್ ಮೊದಲು ಅರಸನ ‘ದಿವಾನ್’ನಲ್ಲಿ ಸೇವೆ ಮಾಡುತ್ತಿದ್ದನೆಂದು ಹೇಳಿದೆ. ಆ ‘ದಿವಾನ್’ ಶಬ್ದವೂ ದಿಪಿಯ ಬಳಗದ್ದೇ ಎಂದು ಹಲವರು ಭಾವಿಸುತ್ತಾರೆ. ನಮ್ಮ ದಿವಾನರೂ ದಿವಾನಖಾನೆಯೂ ಅಲ್ಲಿಂದಲೇ ಬಂದವು. ದರ್ಬಾರನ್ನು ಬಿಟ್ಟು ಸಂನ್ಯಾಸಿಯಾದ ಮಾಶ್ತೋತ್ಸ್, ಧರ್ಮಾಧ್ಯಕ್ಷ ಸಾಹಕ್ ಮತ್ತು ಅರಸ ವ್ರಾಮ್‌ಶಾಪುಹ್ ಇವರ ಬೆಂಬಲದಿಂದ ೪೦೫ರ ಸುಮಾರಿಗೆ ೩೬ ಅಕ್ಷರಗಳ ಆರ್ಮೇನಿಯನ್ ವರ್ಣಮಾಲೆಯನ್ನು ರಚಿಸಿದನು. ಕೂಡಲೆ ಅವನು ಮಾಡಿದ ಕೆಲಸ ಎರಡು: ಶಾಲೆಗಳನ್ನು ತೆರೆದು ಮಕ್ಕಳನ್ನು ಕೂಡಿಸಿದ್ದು, ಶಿಷ್ಯರನ್ನು ಭಾಷಾಂತರಕ್ಕೆ ಹಚ್ಚಿದ್ದು. ಇಪ್ಪತ್ತಮೂರು ವರ್ಷಗಳೊಳಗೆ, ೪೨೮ರಲ್ಲಿ, ರಾಜ್ಯವೇ ಅಳಿದುಹೋಯಿತು. ಅರಸನಿಲ್ಲ, ದರ್ಬಾರಿಲ್ಲ, ದಪಿರ್‌ಗೆ ಇನ್ನು ಅಲ್ಲಿ ಕೆಲಸವೂ ಇಲ್ಲ. ಆದರೆ ಅಷ್ಟರೊಳಗೆ ಅವನಿಗೆ ಶಾಲೆಯಲ್ಲಿ ಕೆಲಸ ದೊರೆತಿತ್ತು.

ಅರ್ಥದ ವಿಸ್ತಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಐದನೆಯ ಶತಮಾನದ ಬೈಬಲ್ ಭಾಷಾಂತರದಲ್ಲಿ, ನಮ್ಮ ಕನ್ನಡ ಬೈಬಲಿನಲ್ಲಿ ‘ಶಾಸ್ತ್ರಿಗಳು’ ಎಂದಿರುವ ಕಡೆ ದಪಿರ್ ಶಬ್ದ ಬಂದಿದೆ. ಮುಂದೆ ಇಗರ್ಜಿಯ ಪೂಜೆಯಲ್ಲಿ ಓದುವ, ಹಾಡುವ ಕಿರಿಯ ಸೇವಕನಿಗೂ ದಪಿರ್ ಎಂಬ ಹೆಸರಾಯಿತು. ಇಂದಿಗೂ ಆ ರೂಢಿಯಿದೆ. ಭಾವವಾಚಕ ಪ್ರತ್ಯಯ ಸೇರಿ ‘ದಪ್ರುತ್ಯುನ್’ ಎಂದಾಗಿ ಅದಕ್ಕೆ ವಿದ್ಯೆ, ವಾಙ್ಮಯ ಎಂಬ ಅರ್ಥ ಬಂತು. ಕಚೇರಿಯ ಗುಮಾಸ್ತನ ಹೆಸರು ಒಂದು ಜನದ ಸಮಗ್ರ ಸಾಹಿತ್ಯಕ್ಕೆ ಹೆಸರಾಯಿತು. ಇಷ್ಟು ದೂರ ಈ ಶಬ್ದವನ್ನು ಕೊಂಡೊಯ್ದವರು ಅದನ್ನು ಕೊಟ್ಟವರಲ್ಲ, ಕೊಂಡವರು.

ಕೊಟ್ಟವರ ಕಡೆ ಏನಾಯಿತೆಂಬುದೂ ಸ್ವಾರಸ್ಯವಾಗಿದೆ. ಏಳನೆಯ ಶತಮಾನದಲ್ಲಿ ಅರಬರು ಇರಾನನ್ನು ಗೆದ್ದ ಮೇಲೆ ಅಲ್ಲಿ ಶಾಲೆಗೆ ‘ಮಕ್ತಬ್’, ‘ಮದ್ರಸಾ’ ಎಂಬ ಅರಬ್ಬೀ ಹೆಸರುಗಳು ಬಳಕೆಯಾದವು. ‘ದಬಿಸ್ತಾನ್’ ಎಂಬ ದೇಶೀಯ ಹೆಸರು ಹೆಚ್ಚಾಗಿ ಕಾವ್ಯ ಗ್ರಂಥಗಳಲ್ಲಿ ಉಳಿಯಿತು. ೧೯೩೫ರಲ್ಲಿ ಸ್ಥಾಪಿತವಾದ ಫರ್ಹಂಗಿಸ್ತಾನ್ ಎಂಬ ಭಾಷಾಪರಿಷತ್ತು ಪರಶಬ್ದಗಳಿಗೆ ಬದಲು ದೇಶೀಯ ಶಬ್ದಗಳನ್ನು ಬಳಕೆಗೆ ತಂದ ಆ ಕಾಲದಲ್ಲಿ ಪ್ರಾಥಮಿಕ ಶಾಲೆಗೆ ‘ದಬಿಸ್ತಾನ್’, ಪ್ರೌಢಶಾಲೆಗೆ ‘ದಬೀರಿಸ್ತಾನ್’ ಎಂಬುವು ರೂಢವಾದವು. ಪ್ರೌಢಶಾಲೆಯ ಶಿಕ್ಷಕನು ‘ದಬೀರ್’ ಎನಿಸಿದನು. ೧೬೦೪–೦೫ರಲ್ಲಿ ಷಾ ಅಬ್ಬಾಸನು ತನ್ನ ರಾಜ್ಯದೊಳಕ್ಕೆ ತಂದು ಇಸ್ಫಹಾನಿನ ಹೊಸ ಜುಲ್ಫಾದಲ್ಲಿ ನೆಲೆಗೊಳಿಸಿದ ಆರ್ಮೇನಿಯನ್ನರ ವಂಶಜರು ಇಂದೂ ಅಲ್ಲಿದ್ದಾರೆ. ಅಲ್ಲಿಯ ಆರ್ಮೇನಿಯನ್ ಮಗು ದಪ್ರೊತ್ಸ್‌ಗೆ ಹೋಗುತ್ತದೆ, ನೆರೆಮನೆಯ ಪಾರಸೀಕ ಮಗು ದಬಿಸ್ತಾನಿಗೆ. ಸಾವಿರಾರು ವರ್ಷಗಳ ಹಿಂದೆ ಅಗಲಿದ ಒಂದೇ ಶಬ್ದ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತಿದೆ.

ವಿಮರ್ಶೆ

ಈ ಚರಿತ್ರೆಯಿಂದ ಎರಡು ಪ್ರಚಲಿತ ಮತಗಳನ್ನು ಪರೀಕ್ಷಿಸಬಹುದು.

ಎರವಲು ಶಬ್ದ ಭಾಷೆಗೆ ಕಳಂಕ, ಅದನ್ನು ಹೊರಗೆ ಹಾಕಿದರೆ ಭಾಷೆ ಶುದ್ಧವಾಗುತ್ತದೆ ಎಂಬುದು ಒಂದು ಮತ. ಆರ್ಮೇನಿಯನ್ನರು ಹೀಗೆ ಮಾಡಹೊರಟಿದ್ದರೆ ಏನೇನನ್ನು ಕಳೆದುಕೊಳ್ಳಬೇಕಿತ್ತೆಂಬುದನ್ನು ಎಣಿಸಿ. ಹ್ಯೂಬ್ಷ್‌ಮಾನನು ೧೮೯೭ರ ತನ್ನ ಗ್ರಂಥದಲ್ಲಿ ಪಟ್ಟಿಮಾಡಿದ ಇರಾನೀ ಎರವಲುಗಳು ಸುಮಾರು ೭೦೦; ನಿಸ್ಸಂದೇಹವಾಗಿ ಪಿತ್ರಾರ್ಜಿತವೆಂದು ಅವನು ಹೇಳಿದವು ೫೦೦ಕ್ಕೂ ಕಡಿಮೆ. ಶಾಲೆ ಹೋಗುತ್ತಿತ್ತು, ವಾಙ್ಮಯ ಹೋಗುತ್ತಿತ್ತು. ಏರೆವಾನಿನಲ್ಲಿ ಸಾವಿರಾರು ಹಸ್ತಪ್ರತಿಗಳನ್ನು ಕಾಪಾಡಿರುವ ‘ಮಾತೆನಾದರಾನ್’ ಭಾಂಡಾರದ ಹೆಸರಿನ ಎರಡು ಭಾಗಗಳೂ ಇರಾನಿನವೇ. ಕಡೆಗೆ ಅವರ ದೇಶದ ಹೆಸರೂ ಉಳಿಯುತ್ತಿರಲಿಲ್ಲ. ತಮ್ಮನ್ನು ತಾವು ‘ಹಾಯ್’ ಎಂದು ಕರೆದುಕೊಳ್ಳುವ ಆ ಜನ ತಮ್ಮ ನಾಡಿಗೆ ‘ಹಾಯಸ್ತಾನ್’ ಎನ್ನುತ್ತಾರೆ. ಹಾಯ್ ಎಂಬ ತಮ್ಮ ಹೆಸರಿಗೆ ‘ಸ್ತಾನ್’ ಎಂಬ ಪಾರಸೀಕ ಪ್ರತ್ಯಯ! ನಾವೂ ‘ಪಾಲು’ ಎಂಬ ಕನ್ನಡ ಮಾತಿಗೆ ಪಾರಸಿಯ ‘ದಾರ’ವನ್ನು ಅಂಟಿಸಿ ‘ಪಾಲುದಾರ’ನನ್ನು ಮಾಡಿಕೊಂಡಿದ್ದೇವೆ. ಅವನನ್ನು ಕನ್ನಡಿಗನಲ್ಲವೆಂದು ಯಾರೂ ಅಂದಿಲ್ಲ.

ಶಬ್ದಗಳು ಯಾರವೋ ಭಾಷೆಯೂ ಅವರದೇ ಎಂಬುದು ಎರಡನೆಯ ಮತ. ಇದು ಹೆಚ್ಚು ಅಪಾಯಕರ, ಏಕೆಂದರೆ ಇದನ್ನು ಬಲವುಳ್ಳ ನೆರೆಯವರು ಹೇಳುತ್ತಾರೆ. ಆರ್ಮೇನಿಯನ್ ಪಾರಸೀಕದ ಕವಲೆಂದವರು ಮಾಡಿದ ತಪ್ಪು ಇದೇ. ದಕ್ಷಿಣದ ಭಾಷೆಗಳೆಲ್ಲ ಸಂಸ್ಕೃತದಿಂದಲೇ ಹುಟ್ಟಿದವೆಂದು ನಂಬಿದ್ದ ಕಾಲದಲ್ಲಿ, ೧೮೧೬ರಲ್ಲಿ ಎಲ್ಲಿಸನೂ ೧೮೫೬ರಲ್ಲಿ ಕಾಲ್ಡ್‌ವೆಲ್ಲನೂ ಧಾತು, ಸರ್ವನಾಮ, ವಿಭಕ್ತಿಗಳನ್ನು ಹಿಡಿದು ಆ ನಂಬಿಕೆಯನ್ನು ಖಂಡಿಸಿದರು. ಆರ್ಮೇನಿಯನ್ನಿಗೆ ಹ್ಯೂಬ್ಷ್‌ಮಾನನು ಮಾಡಿದ ಉಪಕಾರವೂ ಇದೇ ಬಗೆಯದು. ಭಾಷೆಯ ಸ್ವಂತಿಕೆಯನ್ನು ಅಳೆಯುವ ಅಳತೆಗೋಲು ಶಬ್ದಗಳ ಎಣಿಕೆಯಲ್ಲ. ಬಂದ ಶಬ್ದವನ್ನು ಅದು ಯಾವ ಕಟ್ಟಳೆಗೆ ಒಳಪಡಿಸುತ್ತದೆ, ಯಾವ ಕೆಲಸಕ್ಕೆ ಹಚ್ಚುತ್ತದೆ ಎಂಬುದು.

ಈ ಅಳತೆಗೋಲನ್ನು ನಮ್ಮ ಮಕ್ಕಳ ಮಾತಿಗೂ ಹಿಡಿಯಬೇಕು. ಮಹಾರಾಷ್ಟ್ರದ ಕನ್ನಡ ರೈತನು ಜಮೀನಿನ ಉತಾರದ ಬಗ್ಗೆ ‘ಸಾತ್‌ಬಾರಾದಾಗ ಹೆಸರು ಹಚ್ಚಿಸಬೇಕು’ ಎನ್ನುತ್ತಾನೆ. ಸಾತ್‌ಬಾರಾ ಮರಾಠಿ, ಸಂದೇಹವಿಲ್ಲ. ಆದರೆ ‘ದಾಗ’ ಎಂಬ ಸಪ್ತಮಿ ಕನ್ನಡದ್ದು, ಕ್ರಿಯಾಪದ ಕನ್ನಡದ್ದು, ವಾಕ್ಯದ ಬೆನ್ನೆಲುಬು ಕನ್ನಡದ್ದು. ತಾಳವಾಡಿಯ ರೈತ ‘ಪಟ್ಟಾದಲ್ಲಿ’ ಎಂದರೂ ಸಂಗತಿ ಅದೇ. ದಾರ್ಬಿನ್ ದಾರ್ಬ್ನೊತ್ಸ್ ಆದಂತೆ ದಪಿರ್ ದಪ್ರೊತ್ಸ್ ಆಯಿತಲ್ಲವೆ? ಆ ಮಗುವಿನ ವಾಕ್ಯಕ್ಕೆ ಕೆಂಪುಮಸಿ ಎಳೆಯುವ ಮುನ್ನ ಶಿಕ್ಷಕನು ಯಾವುದು ತಪ್ಪು, ಯಾವುದು ಎರವಲು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ತಪ್ಪನ್ನು ತಿದ್ದಬೇಕು, ಎರವಲನ್ನು ವಿವರಿಸಬೇಕು.

ಆದರೆ ಒಂದು ಭಯವನ್ನು ಮುಚ್ಚಿಡಬಾರದು. ವ್ಯಾಕರಣ ಬಲವಾಗಿರುವವರೆಗೆ ಎಷ್ಟು ಶಬ್ದ ಬಂದರೂ ಭಾಷೆ ಅರಗಿಸಿಕೊಳ್ಳುತ್ತದೆ. ಆ ಬಲ ಉಳಿಯುವುದು ಮಕ್ಕಳು ಅದರಲ್ಲಿ ಓದಿ ಬರೆಯುವುದರಿಂದ. ೪೨೮ರ ಬಳಿಕ ಆರ್ಮೇನಿಯನ್ನರು ಎಷ್ಟೋ ಅರಸರನ್ನು ಕಂಡರು, ಎಷ್ಟೋ ದೇಶಗಳಿಗೆ ಚದುರಿದರು. ಹೋದ ಕಡೆಗಳಲ್ಲಿ ಇಗರ್ಜಿಯನ್ನೂ ಶಾಲೆಯನ್ನೂ ಮುದ್ರಣಾಲಯವನ್ನೂ ಹೂಡಿದರು. ಲೋಕದ ಮೊತ್ತಮೊದಲ ಆರ್ಮೇನಿಯನ್ ನಿಯತಕಾಲಿಕ ‘ಅಜ್ದರಾರ್’ ಅಚ್ಚಾದದ್ದು ೧೭೯೪ರಲ್ಲಿ, ನಮ್ಮ ಮದರಾಸಿನಲ್ಲಿ. ಕಲಕತ್ತೆಯ ಆರ್ಮೇನಿಯನ್ ಕಾಲೇಜು ೧೮೨೧ರದು. ಎರವಲು ಶಬ್ದಗಳಿಂದ ಅವರ ಭಾಷೆ ಸಾಯಲಿಲ್ಲ. ಶಾಲೆಗಳು ಮುಚ್ಚಿದ್ದರೆ ಸಾಯುತ್ತಿತ್ತು. ಕನ್ನಡ ತರಗತಿಗೆ ಮಕ್ಕಳು ಸಾಲದೆಂಬ ಕಾರಣಕ್ಕೆ ಗಡಿಯಾಚೆಯ ಶಾಲೆಯೊಂದು ಕನ್ನಡವನ್ನು ನಿಲ್ಲಿಸಿದಾಗ ಆಗುವ ನಷ್ಟವನ್ನು ಯಾವ ಅಚ್ಚಕನ್ನಡದ ನಿಘಂಟೂ ತುಂಬಿಕೊಡಲಾರದು.

ಕಡೆಯದಾಗಿ ಒಂದು ಸೂಚನೆ. ಆರ್ಮೇನಿಯನ್ ಶಬ್ದಮೂಲಗಳ ಬೃಹತ್ಕೋಶವನ್ನು ಹ್ರಾಚ್ಯ ಅಚಾರ್ಯಾನ್ ಎಂಬ ವಿದ್ವಾಂಸನು ೧೯೨೬ರಿಂದ ೧೯೩೫ರವರೆಗೆ ಏಳು ಸಂಪುಟಗಳಲ್ಲಿ ಹೊರತಂದನು. ಒಂದೊಂದು ಶಬ್ದಕ್ಕೂ ಹಿಂದಿನವರು ಹೇಳಿದ ಸರಿಯಾದ, ತಪ್ಪಾದ ಮತಗಳನ್ನೆಲ್ಲ ಕಾಲಾನುಕ್ರಮವಾಗಿ ಕೊಟ್ಟು, ಊರೂರಿನ ಉಪಭಾಷೆಗಳಲ್ಲಿ ಅದು ಯಾವ ರೂಪ ತಾಳಿದೆಯೆಂಬುದನ್ನೂ ನಮೂದಿಸಿದನು. ಒಬ್ಬನೇ ಅಷ್ಟು ಮಾಡಿದಲ್ಲಿ, ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ ಹರಡಿರುವ ನಾವು ನೂರಾರು ಮಂದಿ ಸೇರಿ ಸ್ವಲ್ಪವಾದರೂ ಮಾಡಲಾರೆವೆ? ಪ್ರತಿ ಶಾಲೆಯ ಹತ್ತನೆಯ ತರಗತಿಯ ಮಕ್ಕಳಿಂದ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಆಡುವ ಎರವಲು ಶಬ್ದಗಳನ್ನು ಬರೆಯಿಸೋಣ. ಶಬ್ದ, ಅದನ್ನು ಆಡಿದ ಪೂರ್ಣ ವಾಕ್ಯ, ಅದಕ್ಕೆ ಹತ್ತಿದ ಕನ್ನಡ ಪ್ರತ್ಯಯ ಎಂಬ ಮೂರು ಅಂಕಣಗಳು ಸಾಕು. ವ್ಯುತ್ಪತ್ತಿಯನ್ನು ಬಲ್ಲವರು ಮುಂದೆ ನೋಡಲಿ. ಎರಡನೆಯ ಅಂಕಣವನ್ನು ಮಾತ್ರ ಯಾರೂ ಖಾಲಿ ಬಿಡಬಾರದು. ಶಬ್ದ ಎಲ್ಲಿಂದ ಬಂದರೂ, ಅದು ಯಾರದೆಂಬುದು ಆ ವಾಕ್ಯದಲ್ಲಿ ತಿಳಿಯುತ್ತದೆ.